ಬೇಟೆಯ ಗುಂಡು: ಸೀಸವೋ, ತಾಮ್ರವೋ?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಶರತ್ಕಾಲ ಬಂದೊಡನೆ ಲಕ್ಷಾಂತರ ಮಂದಿ ಪರವಾನಗಿ ಪಡೆದು ಜಿಂಕೆಯ ಬೇಟೆಗೆ ಹೊರಡುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಇಂತಹ ಬೇಟೆಯನ್ನು ನಿಷೇಧಿಸಿದೆ. ಆದರೂ ಅಲ್ಲಿಯ ಬೇಟೆಗಾರನು ತನ್ನ ತೋಟಾವನ್ನು ಹೇಗೆ ಆರಿಸುತ್ತಾನೆಂಬುದು ನಾವು ತರಗತಿಯಲ್ಲಿ ಕಲಿಯುವ ವಿಜ್ಞಾನಕ್ಕೆ ನಿಕಟವಾದ ವಿಷಯ.

ತೋಟಾಕ್ಕೆ ನಾಲ್ಕು ಅಂಗಗಳುಂಟು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಕೊಡುವ ಸಿಡಿಬಿಲ್ಲೆ, ಒಳಗೆ ಹೊಗೆಯಿಲ್ಲದ ಮದ್ದು, ಬಾಯಲ್ಲಿ ಗುಂಡು. ಮದ್ದು ಉರಿದಾಗ ಹುಟ್ಟುವ ಅನಿಲಗಳ ಒತ್ತಡವೇ ಗುಂಡನ್ನು ನಳಿಗೆಯಲ್ಲಿ ಮುಂದಕ್ಕೆ ದೂಡುತ್ತದೆ. ನಳಿಗೆಯ ಮೇಲಿನ ಗುರುತೂ ತೋಟಾದ ಬುಡದ ಗುರುತೂ ಒಂದೇ ಆಗಿರಬೇಕೆಂಬುದು ಮೊದಲನೆಯ ನಿಯಮ. ಅಳತೆ ತಪ್ಪಿದರೆ ಕೋವಿಯೇ ಸಿಡಿದು ಹಿಡಿದವನ ಪ್ರಾಣಕ್ಕೆ ಎರವಾಗಬಹುದು.

ಅಮೆರಿಕದ ಸೈನ್ಯವು 1906ರಲ್ಲಿ ಬಳಕೆಗೆ ತಂದ ‘ಥರ್ಟಿ-ಆಟ್-ಸಿಕ್ಸ್’ ತೋಟಾವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜಿಂಕೆಯ ಬೇಟೆಗೆ ಇದರಲ್ಲಿ ಸಾಮಾನ್ಯವಾಗಿ 150 ಗ್ರೇನ್, ಎಂದರೆ ಸುಮಾರು 9.7 ಗ್ರಾಂ ತೂಕದ ಗುಂಡನ್ನು ಬಳಸುತ್ತಾರೆ. ಅದು ಸೆಕೆಂಡಿಗೆ ಸುಮಾರು 890 ಮೀಟರ್ ವೇಗದಿಂದ ನಳಿಗೆಯನ್ನು ಬಿಡುತ್ತದೆ. ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದರೆ ದೊರೆಯುವ ಚಲನಶಕ್ತಿ ಸುಮಾರು 3,800 ಜೂಲ್. ನಳಿಗೆಯೊಳಗಿನ ಸುರುಳಿ ಗೆರೆಗಳು 10 ಅಂಗುಲಕ್ಕೊಂದು ಸುತ್ತು ಕೊಡುವುದರಿಂದ ಗುಂಡು ಸೆಕೆಂಡಿಗೆ ಸುಮಾರು 3,500 ಸುತ್ತು ತಿರುಗುತ್ತದೆ. ಬುಗರಿಯಂತೆ ತಿರುಗುವ ಈ ಗುಣದಿಂದಲೇ ಅದು ಹಾದಿಯಲ್ಲಿ ಹೊರಳಾಡದೆ ಸಾಗುತ್ತದೆ.

ಆದರೆ ಶಕ್ತಿಯಿದ್ದರೆ ಸಾಲದು. ಅದು ಪ್ರಾಣಿಯ ದೇಹದಲ್ಲಿ ವ್ಯಯವಾಗಬೇಕು. ಗಟ್ಟಿ ಲೋಹದ ಕವಚವುಳ್ಳ ಗುಂಡು ದೇಹವನ್ನು ಕಿರಿದಾಗಿ ತೂರಿ ಆಚೆ ಹೋಗಬಹುದು. ಗಾಯಗೊಂಡ ಜಿಂಕೆ ಓಡಿಹೋಗಿ ಬಹುಕಾಲ ನರಳಿ ಸಾಯುತ್ತದೆ. ಆದುದರಿಂದ ಬೇಟೆಗಾರರು ಮೆತ್ತನೆಯ ಸೀಸದ ಮೊನೆಯುಳ್ಳ ಗುಂಡನ್ನು ಆರಿಸುತ್ತಾರೆ. ಅದು ತಾಗಿದೊಡನೆ ಅಣಬೆಯಂತೆ ಅರಳುತ್ತದೆ. ಕಲ್ಕತ್ತೆಯ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ ತಯಾರಾಗಿ ಆ ಊರಿನ ಹೆಸರನ್ನೇ ಪಡೆದ ಗುಂಡೂ ಇದೇ ಜಾತಿಯದು. ಇಂತಹ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಸಮ್ಮೇಳನವು ಘೋಷಿಸಿತು. ಅಮೆರಿಕದ ಹಲವು ರಾಜ್ಯಗಳ ಕಾನೂನಾದರೋ ಜಿಂಕೆಗೆ ಅರಳುವ ಗುಂಡನ್ನೇ ಬಳಸಬೇಕೆಂದು ವಿಧಿಸುತ್ತದೆ!

ಅರಳುವಾಗ ಸೀಸವು ನುಚ್ಚುನೂರಾಗಿ ಮಾಂಸದಲ್ಲೂ ಕರುಳಿನಲ್ಲೂ ಚದರುತ್ತದೆ. ಬೇಟೆಗಾರನು ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿನ್ನಲು ಬರುವ ಪಕ್ಷಿಗಳಲ್ಲಿ ಕ್ಯಾಲಿಫೋರ್ನಿಯದ ಕಾಂಡರ್ ಒಂದು. ರೆಕ್ಕೆ ಬಿಚ್ಚಿದರೆ ಸುಮಾರು ಮೂರು ಮೀಟರಿನಷ್ಟು ಅಗಲವಾಗುವ ಈ ಹಕ್ಕಿಯ ಹೊಟ್ಟೆಯ ತೀಕ್ಷ್ಣವಾದ ಆಮ್ಲವು ಸೀಸವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. 1987ರಲ್ಲಿ ಕೊನೆಯ ಕಾಡು ಕಾಂಡರನ್ನು ಹಿಡಿದಾಗ ಜಗತ್ತಿನಲ್ಲಿ ಉಳಿದಿದ್ದುವು 27 ಮಾತ್ರ. ಸೆರೆಯಲ್ಲಿ ಮರಿಮಾಡಿಸಿ 1992ರಿಂದ ಅವುಗಳನ್ನು ಮತ್ತೆ ಕಾಡಿಗೆ ಬಿಡಲಾಗಿದೆ. ಸೆರೆಯಲ್ಲಿರುವವೂ ಸೇರಿ ಸಂಖ್ಯೆ ಈಗ 500ನ್ನು ಮೀರಿದೆ. ಆದರೂ ಬಿಟ್ಟ ಹಕ್ಕಿಗಳ ಸಾವಿಗೆ ಸೀಸದ ವಿಷವೇ ಮುಖ್ಯ ಕಾರಣವಾಗಿದೆ.

ಇದಕ್ಕೆ ಪರಿಹಾರ ತಾಮ್ರದ ಗುಂಡು. ಟೊಳ್ಳು ಮೊನೆಯ ತಾಮ್ರವು ದಳಗಳಾಗಿ ಅರಳಿದರೂ ಬಹುಮಟ್ಟಿಗೆ ಇಡಿಯಾಗಿಯೇ ಉಳಿಯುತ್ತದೆ. ಆದರೆ ಸೀಸದ ಸಾಂದ್ರತೆ 11.3, ತಾಮ್ರದ್ದು 8.9. ಎಂದಮೇಲೆ ಅದೇ ವ್ಯಾಸ, ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ. ಕೋಶದಲ್ಲಿ ಮದ್ದಿನ ಜಾಗವನ್ನೂ ಆಕ್ರಮಿಸುತ್ತದೆ. ಗಟ್ಟಿಯಾದ ಲೋಹವು ಅರಳಲು ವೇಗವೂ ಹೆಚ್ಚಾಗಿ ಬೇಕು. ಆದಕಾರಣ ಜಾಣ ಬೇಟೆಗಾರನು ಸ್ವಲ್ಪ ಹಗುರವಾದ ತಾಮ್ರದ ಗುಂಡನ್ನು ಆರಿಸಿ, ಅದರಿಂದ ಗುರಿಯಿಟ್ಟು ಕೋವಿಯನ್ನು ಹೊಸದಾಗಿ ಸರಿಹೊಂದಿಸಿಕೊಳ್ಳುತ್ತಾನೆ. ಕ್ಯಾಲಿಫೋರ್ನಿಯ ರಾಜ್ಯವು 2013ರಲ್ಲಿ ಮಾಡಿದ ಕಾನೂನಿನ ಪ್ರಕಾರ 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ಣವಾಗಿ ನಿಷಿದ್ಧ.

ನಮ್ಮ ದೇಶದಲ್ಲಿಯೂ ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವು ಸತ್ತ ದನದ ಮಾಂಸದ ಮೂಲಕ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಲಾಯಿತು. ಎರಡು ಖಂಡಗಳಲ್ಲೂ ವಿಷವಿದ್ದುದು ನಾವು ಬಿಸುಟ ಕಳೇಬರದಲ್ಲಿಯೇ. ಅದನ್ನು ತಿಂದು ನೆಲವನ್ನು ಶುಚಿಮಾಡುವ ಹಕ್ಕಿಗಳನ್ನೂ ಲೆಕ್ಕಕ್ಕೆ ತಂದುಕೊಂಡು ಲೋಹವನ್ನೋ ಔಷಧವನ್ನೋ ಆರಿಸುವುದು ವಿಜ್ಞಾನ ಬಲ್ಲವರ ಹೊಣೆ.