ಜನ್ಮಜಾತ ವೈಕಲ್ಯವುಳ್ಳ ಭ್ರೂಣಗಳ ಸ್ನಾಯು-ಅಸ್ಥಿರಚನೆ: ಒಂದು ಐತಿಹಾಸಿಕ ಅವಲೋಕನ

ವೈಕಲ್ಯದಿಂದ ಕೂಡಿದ ಶಿಶುವಿನ ಜನನವನ್ನು ಯೂರೋಪಿನ ಜನರು ಬಹುಕಾಲ ಶಕುನವೆಂದೇ ಭಾವಿಸಿದ್ದರು. ಅದು ಪ್ರಕೃತಿನಿಯಮಕ್ಕೆ ಒಳಪಟ್ಟ ಸಂಗತಿಯೆಂಬ ತಿಳಿವು ಮೂಡಿದ ಬಗೆಯನ್ನೂ, ಆ ತಿಳಿವಿಗೆ ಮೂಳೆ ಮತ್ತು ಸ್ನಾಯುಗಳ ಪರೀಕ್ಷೆಯಿಂದ ದೊರೆತ ಆಧಾರವನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಜ್ ಪಾರೆಯು 1573ರ ತನ್ನ ಗ್ರಂಥದಲ್ಲಿ ಇಂತಹ ಜನನಗಳಿಗೆ ಹದಿಮೂರು ಕಾರಣಗಳನ್ನು ಎಣಿಸಿದ್ದಾನೆ. ದೇವರ ಮಹಿಮೆ ಮತ್ತು ದೇವರ ಕೋಪ ಅವುಗಳಲ್ಲಿ ಮೊದಲಿನವು. ಗರ್ಭಕೋಶದ ಇಕ್ಕಟ್ಟು, ಗರ್ಭಿಣಿಗೆ ತಗುಲಿದ ಪೆಟ್ಟು ಮುಂತಾದ ಭೌತಿಕ ಕಾರಣಗಳ ಜೊತೆಗೆ ತಾಯಿಯ ಮನಸ್ಸಿನ ಕಲ್ಪನೆಯೂ ಆಕೆ ಕುಳಿತ ಭಂಗಿಯೂ ಆ ಪಟ್ಟಿಯಲ್ಲಿವೆ. ಬೇರೆ ಕಾರಣ ಕಾಣದಿದ್ದಲ್ಲಿ ದೋಷವನ್ನು ತಾಯಿಯ ಮೇಲೆ ಹೊರಿಸಲು ಇಷ್ಟೇ ಸಾಕಾಗಿತ್ತು.

1651ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಸೀಳುತುಟಿಗೆ ಬೇರೊಂದು ವಿವರಣೆಯನ್ನು ಕೊಟ್ಟನು. ಬೆಳವಣಿಗೆಯ ಆದಿಯಲ್ಲಿ ಯಾವ ಭ್ರೂಣದ ಮೇಲ್ದುಟಿಯೂ ಕೂಡಿರುವುದಿಲ್ಲ. ಆ ಅವಸ್ಥೆಯು ಹಾಗೆಯೇ ಉಳಿದುಬಂದಾಗ ತುಟಿಯು ಸೀಳಿದಂತೆ ತೋರುತ್ತದೆ. ಜರ್ಮನಿಯ ಯೋಹಾನ್ ಫ್ರೀಡ್ರಿಕ್ ಮೆಕೆಲನು 1812ರಲ್ಲಿ ಇದನ್ನು ಬೆಳವಣಿಗೆಯ ಸ್ತಂಭನವೆಂಬ ಸಿದ್ಧಾಂತವಾಗಿ ವಿಸ್ತರಿಸಿದನು. 1832ರಲ್ಲಿ ಫ್ರಾನ್ಸಿನ ಇಸಿಡೋರ್ ಜಾಫ್ರಾಯ್ ಸೇಂಟ್-ಹಿಲೇರನು ವೈಕಲ್ಯಗಳನ್ನು ವರ್ಗೀಕರಿಸತೊಡಗಿ, ಈ ಅಧ್ಯಯನಕ್ಕೆ ಟೆರಟಾಲಜಿ ಎಂದು ಹೆಸರಿಟ್ಟನು.

ಹೊರರೂಪಕ್ಕಿಂತ ಒಳರಚನೆಯಲ್ಲಿ ನಿಯಮವು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕೈಕಾಲುಗಳ ಮೂಳೆ ಮತ್ತು ಸ್ನಾಯುಗಳು ಒಂದೇ ಮೂಲದಿಂದ ಹುಟ್ಟಿದವುಗಳಲ್ಲ. ಮೂಳೆಗಳು ಅಂಗದ ಮೊಗ್ಗಿನಲ್ಲಿಯೇ ರೂಪುಗೊಳ್ಳುತ್ತವೆ. ಸ್ನಾಯುಕೋಶಗಳಾದರೋ ಭ್ರೂಣದ ಬೆನ್ನಿನ ಇಕ್ಕೆಲದಲ್ಲಿರುವ ಸೋಮೈಟ್ ಎಂಬ ಖಂಡಗಳಿಂದ ಹೊರಟು ಆ ಮೊಗ್ಗನ್ನು ಪ್ರವೇಶಿಸುತ್ತವೆ. 1970ರ ದಶಕದಲ್ಲಿ ಕೋಳಿಯ ಭ್ರೂಣಕ್ಕೆ ಕ್ವೇಲ್ ಹಕ್ಕಿಯ ಕೋಶಗಳನ್ನು ಸೇರಿಸಿ ಇದನ್ನು ಪ್ರಯೋಗದಿಂದ ತೋರಿಸಲಾಯಿತು. ಆದ್ದರಿಂದ ಮೂಳೆಯ ವಿನ್ಯಾಸವು ಬದಲಾದಲ್ಲಿ ಸ್ನಾಯುವಿನ ನೆಲೆಯೂ ಬದಲಾಗುತ್ತದೆ. ಮುಂದೋಳಿನ ರೇಡಿಯಸ್ ಮೂಳೆಯಿಲ್ಲದ ಭ್ರೂಣಗಳಲ್ಲಿ ಅನೇಕ ವೇಳೆ ಹೆಬ್ಬೆರಳೂ ಇರುವುದಿಲ್ಲ. ಆ ಪಾರ್ಶ್ವದ ಸ್ನಾಯುಗಳಲ್ಲಿ ಕೆಲವು ಲೋಪವಾಗಿರುತ್ತವೆ, ಕೆಲವು ಪಕ್ಕದ ಸ್ನಾಯುಗಳೊಡನೆ ಕೂಡಿಕೊಂಡಿರುತ್ತವೆ. ಬೆರಳುಗಳ ಸಂಖ್ಯೆಯಲ್ಲಿ ಹೆಚ್ಚುಕಡಿಮೆಯಿರುವ ಅಂಗಗಳನ್ನು ಪರಿಶೀಲಿಸಿದ ರೂಯಿ ಡಿಯೋಗೊ ಮತ್ತು ಸಂಗಡಿಗರು, ಸ್ನಾಯುವು ಅಂಟಿಕೊಳ್ಳುವ ಎಡೆಯನ್ನು ಬೆರಳಿನ ಮೂಲಕ್ಕಿಂತ ಅದರ ಸ್ಥಾನವೇ ಮುಖ್ಯವಾಗಿ ನಿರ್ಧರಿಸುತ್ತದೆಂದು 2015ರಲ್ಲಿ ಪ್ರತಿಪಾದಿಸಿದರು. ಕೆಟ್ಟುಹೋದಂತೆ ತೋರುವ ರಚನೆಯಲ್ಲಿಯೂ ಕ್ರಮವುಂಟೆಂಬುದು ಇದರ ತಾತ್ಪರ್ಯ.

ಕ್ರಮವು ತಿಳಿದುದರಿಂದ ಕಾರಣವು ತಿಳಿದಂತಾಗಲಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧವನ್ನು ಅಪಾಯವಿಲ್ಲದ್ದೆಂದು ನಂಬಿ ಗರ್ಭಿಣಿಯರೂ ಸೇವಿಸಿದರು. ಮೊಟಕು ಕೈಕಾಲುಗಳ ಶಿಶುಗಳು ಹುಟ್ಟತೊಡಗಿದವು. 1961ರಲ್ಲಿ ಜರ್ಮನಿಯ ವಿಡುಕಿಂಡ್ ಲೆಂಜ್ ಮತ್ತು ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಈ ಔಷಧದ ಕಡೆಗೆ ಬೆರಳು ತೋರಿದರು. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆಯಲಾಯಿತು. ಅಷ್ಟರಲ್ಲಿ 10,000ಕ್ಕೂ ಮಿಗಿಲಾದ ಶಿಶುಗಳು ಅದಕ್ಕೆ ಗುರಿಯಾಗಿದ್ದರೆಂದು ಅಂದಾಜು. ಅಪಾಯದ ಕಾಲವು ಗರ್ಭಧಾರಣೆಯಾದ ಸುಮಾರು 20ರಿಂದ 36ನೆಯ ದಿನದವರೆಗಿನದು. ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂಬುದೇ ಆಗ ತಿಳಿದಿರುವುದಿಲ್ಲ.

ಗ್ರಹಣದ ಹೊತ್ತಿನಲ್ಲಿ ಗರ್ಭಿಣಿಯು ಹೊರಗೆ ಬಂದುದರಿಂದ ಮಗುವಿನ ತುಟಿ ಸೀಳಿತೆಂಬ ಮಾತು ನಮ್ಮ ನಾಡಿನಲ್ಲಿಯೂ ಕೇಳಿಬರುತ್ತದೆ. ಹಾರ್ವೆಯ ವಿವರಣೆಯನ್ನು ವಿಜ್ಞಾನದ ವಿದ್ಯಾರ್ಥಿಗಳಷ್ಟೇ ಅಲ್ಲದೆ ಇತಿಹಾಸದ ವಿದ್ಯಾರ್ಥಿಗಳೂ ಅರಿಯಬೇಕೆನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.