ಕಿವಿಗೊಟ್ಟು ಕೇಳಬೇಕಾದ ಕಂಪ್ಯೂಟರ್

ಹಳೆಯ ಕಂಪ್ಯೂಟರುಗಳಿಗೆ ಮತ್ತೆ ಜೀವ ಕೊಡುವವರ ಮುಂದೆ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಹೆಸರೆತ್ತಿದರೆ ಸಾಕು, ಅವರ ಬಾಯಲ್ಲಿ ಮೊದಲು ಬರುವ ಮಾತು ‘ಆರ್ ಟೇಪ್ ಲೋಡಿಂಗ್ ಎರರ್, 0:1’. ನಾಲ್ಕೈದು ನಿಮಿಷ ಉಸಿರು ಬಿಗಿಹಿಡಿದು ಕಾದ ಮೇಲೆ ಪರದೆಯ ತಳದಲ್ಲಿ ಮೂಡುತ್ತಿದ್ದ ಸಾಲು ಅದು. ಆ ಸಾಲು ಬರದಂತೆ ನೋಡಿಕೊಳ್ಳುವುದೇ ಒಂದು ಕುಶಲ ವಿದ್ಯೆ.

ಕೇಂಬ್ರಿಡ್ಜಿನ ಸಿಂಕ್ಲೇರ್ ರಿಸರ್ಚ್ ಕಂಪನಿ 1982ರ ಏಪ್ರಿಲ್‌ನಲ್ಲಿ ಈ ಪುಟ್ಟ ಕಪ್ಪು ಯಂತ್ರವನ್ನು 125 ಪೌಂಡಿಗೆ ಮಾರುಕಟ್ಟೆಗೆ ಬಿಟ್ಟಿತು. ಪರದೆಗೆ ಮನೆಯ ಟಿವಿ, ಪ್ರೋಗ್ರಾಮ್ ಇಡಲು ಮನೆಯ ಟೇಪ್ ರೆಕಾರ್ಡರ್. ಅಷ್ಟು ಅಗ್ಗಕ್ಕೆ ಕೊಡಲು ಸಾಧ್ಯವಾದದ್ದರಲ್ಲಿ ಈ ಏರ್ಪಾಡಿನ ಪಾಲು ದೊಡ್ಡದು. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಪೆಕ್ಟ್ರಮ್ ಪ್ಲಸ್ ಮಾದರಿಯನ್ನು ಪರವಾನಗಿಯೊಂದಿಗೆ ಭಾರತಕ್ಕೂ ತಂದಿತು. ನಮ್ಮಲ್ಲಿ ಕೆಲವರು ಬೇಸಿಕ್ ಭಾಷೆ ಕಲಿತದ್ದೇ ಅದರ ಮುಂದೆ ಕೂತು.

ಟೇಪಿನಲ್ಲಿ ಇರುತ್ತಿದ್ದದ್ದು ಬರೀ ಸದ್ದು. ಮೊದಲಿಗೆ ಸುಮಾರು ಐದು ಸೆಕೆಂಡಿನ ಒಂದೇ ಸಮನೆಯ ಶಿಳ್ಳೆ, ಹಿಂದೆಯೇ ಪ್ರೋಗ್ರಾಮಿನ ಹೆಸರು, ಉದ್ದ ತಿಳಿಸುವ 17 ಬೈಟಿನ ಪುಟ್ಟ ತುಣುಕು. ಮತ್ತೆ ಚಿಕ್ಕ ಶಿಳ್ಳೆ, ಆಮೇಲೆ ಕರ್ಕಶವಾಗಿ ಕಿರುಚುವ ಅಸಲು ಮಾಹಿತಿ. ಸೊನ್ನೆಗೆ ಚಿಕ್ಕ ಅಲೆ, ಒಂದಕ್ಕೆ ಅದರ ಎರಡರಷ್ಟು ಉದ್ದದ ಅಲೆ. ಕಂಪ್ಯೂಟರ್ ಅಲೆಯ ಏರಿಳಿತಗಳ ನಡುವಿನ ಕಾಲವನ್ನು ಅಳೆದು ಇದು ಸೊನ್ನೆ, ಇದು ಒಂದು ಎಂದು ಗುರುತಿಸುತ್ತದೆ. ಪ್ರತಿ ತುಣುಕಿನ ಕೊನೆಗೂ ತಾಳೆ ನೋಡಲು ಒಂದು ಬೈಟ್ ಇರುತ್ತದೆ. ನಡುವೆ ಒಂದೇ ಒಂದು ಅಲೆ ಕೈಕೊಟ್ಟರೂ ಲೆಕ್ಕ ತಪ್ಪಿ, ಅಷ್ಟೂ ಹೊತ್ತು ಕಾದದ್ದು ನೀರುಪಾಲು.

ದೋಷ ಎಲ್ಲಿದೆ ಎನ್ನುವುದನ್ನು ಪರದೆಯ ಅಂಚೇ ಹೇಳಿಬಿಡುತ್ತದೆ. ಟೇಪ್ ಓಡುತ್ತಿದ್ದರೂ ಅಂಚು ಗೆರೆಯಿಲ್ಲದೆ ಕೆಂಪಿನಿಂದ ತಿಳಿನೀಲಿಗೆ ನಿಧಾನವಾಗಿ ಬದಲಾಗುತ್ತಿದ್ದರೆ ಸದ್ದು ಒಳಗೆ ತಲುಪುತ್ತಿಲ್ಲ ಎಂದರ್ಥ. ಆಗ ತಂತಿ, ‘ಇಯರ್’ ಎಂದು ಬರೆದ ತೂತು, ವಾಲ್ಯೂಮ್ ನೋಡಬೇಕು. ಶಿಳ್ಳೆಯ ಹೊತ್ತಿಗೆ ಕೆಂಪು, ತಿಳಿನೀಲಿ ಪಟ್ಟಿಗಳು ಸಮನಾಗಿ ಮೂಡಿದರೆ ಅರ್ಧ ಗೆದ್ದಂತೆ. ಅವೇ ಪಟ್ಟಿಗಳು ಒಮ್ಮೆ ಅಗಲ, ಒಮ್ಮೆ ಕಿರಿದಾಗಿ ತೂಗಾಡಿದರೆ ಟೇಪಿನ ವೇಗವೇ ಸರಿಯಿಲ್ಲ. ರೆಕಾರ್ಡರಿನ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಟೇಪನ್ನು ಎಳೆಯುವ ರಬ್ಬರ್ ಚಕ್ರ ಗಟ್ಟಿಯಾಗಿರುತ್ತದೆ. ಮಾಹಿತಿ ಬರುವಾಗ ಗೆರೆಗಳು ನೀಲಿ, ಹಳದಿಗೆ ತಿರುಗಿ ಸಣ್ಣಗಾಗುತ್ತವೆ. ಹೆಸರು ಸರಿಯಾಗಿ ಬಂದು ಆಮೇಲೆ ಎರರ್ ಬಂದರೆ ವಾಲ್ಯೂಮ್ ತುಸು ಏರಿಸಿ ಇಳಿಸಿ ನೋಡುವುದು ವಾಡಿಕೆ. ಮುಕ್ಕಾಲು ಭಾಗ ವಾಲ್ಯೂಮ್, ಟ್ರೆಬಲ್ ಪೂರ್ತಿ, ಬೇಸ್ ಕಡಿಮೆ: ಶುರು ಮಾಡಲು ಇಷ್ಟು ಸಾಕು. ಶಬ್ದ ಶುದ್ಧಿಗೊಳಿಸುವ ಡಾಲ್ಬಿ ಇದ್ದರೆ ಅದನ್ನು ಆಫ್ ಮಾಡಲೇಬೇಕು.

ಇಷ್ಟಾದರೂ ಲೋಡ್ ಆಗದಿದ್ದರೆ ನುರಿತವರ ಕಣ್ಣು ರೆಕಾರ್ಡರಿನ ಹೆಡ್‌ನ ಪಕ್ಕದ ಸಣ್ಣ ಸ್ಕ್ರೂ ಮೇಲೆ ಬೀಳುತ್ತದೆ. ಹೆಡ್ ಟೇಪಿಗೆ ಲಂಬವಾಗಿ ನಿಲ್ಲಬೇಕು. ಕೂದಲೆಳೆಯಷ್ಟು ವಾಲಿದರೂ ಸದ್ದಿನ ಚೂಪು ಹೋಗಿಬಿಡುತ್ತದೆ. ಕ್ಯಾಸೆಟ್ ಹಾಡಿಸುತ್ತಲೇ ಸಣ್ಣ ಸ್ಕ್ರೂಡ್ರೈವರಿನಿಂದ ಆ ಸ್ಕ್ರೂವನ್ನು ಒಂದಿಷ್ಟು ಆಚೀಚೆ ತಿರುಗಿಸಬೇಕು. ಮಂಕಾಗಿದ್ದ ಕಿರುಚಾಟ ಇದ್ದಕ್ಕಿದ್ದಂತೆ ಹರಿತವಾಗಿ ಕಿವಿಗೆ ಚುಚ್ಚುವ ಒಂದು ಜಾಗ ಸಿಗುತ್ತದೆ. ನಿಲ್ಲಿಸಬೇಕಾದದ್ದು ಅಲ್ಲೇ. ಇಲ್ಲಿ ಕಿವಿಗಿಂತ ಒಳ್ಳೆಯ ಮಾಪಕ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಒಬ್ಬರ ಯಂತ್ರದಲ್ಲಿ ಉಳಿಸಿದ ಟೇಪು ಇನ್ನೊಬ್ಬರ ಯಂತ್ರದಲ್ಲಿ ಲೋಡ್ ಆಗದಿರುವುದಕ್ಕೂ ಬಹಳ ಸಲ ಇದೇ ಕಾರಣ. ಇಬ್ಬರ ಹೆಡ್‌ಗಳೂ ಬೇರೆ ಬೇರೆ ಕಡೆಗೆ ವಾಲಿರುತ್ತವೆ. ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಂಡೇ ಸ್ಕ್ರೂಗೆ ಕೈ ಹಾಕಬೇಕು. ಅದಕ್ಕೂ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸಬೇಕು. ಹತ್ತಿಗೆ ಕಂದು ಬಣ್ಣ ಹತ್ತಿತೆಂದರೆ ಅದು ಟೇಪಿನಿಂದ ಉದುರಿದ ಪುಡಿ.

ಸದ್ದಾಗಿರುವುದರಿಂದ ಈ ಪ್ರೋಗ್ರಾಮುಗಳು ರೇಡಿಯೊದಲ್ಲೂ ಹರಿದದ್ದುಂಟು. 1980ರ ದಶಕದಲ್ಲಿ ಬೆಲ್‌ಗ್ರೇಡ್ ರೇಡಿಯೊದ ‘ವೆಂಟಿಲೇಟರ್ 202’ ಕಾರ್ಯಕ್ರಮದಲ್ಲಿ ಜೋರಾನ್ ಮೋದ್ಲಿ ಇಂಥ ಪ್ರೋಗ್ರಾಮುಗಳನ್ನು ಪ್ರಸಾರ ಮಾಡುತ್ತಿದ್ದರು. ಕೇಳುಗರು ಅವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ತಮ್ಮ ಕಂಪ್ಯೂಟರಿಗೆ ತುಂಬುತ್ತಿದ್ದರು.

‘ಮ್ಯಾನಿಕ್ ಮೈನರ್’ನಂಥ ಹೆಸರಾಂತ ಆಟಗಳು ಇಂದು ಕಡತಗಳಾಗಿ ಸುರಕ್ಷಿತವಾಗಿವೆ. ಅವನ್ನು ಮೊಬೈಲಿನಿಂದಲೇ ಸದ್ದಾಗಿ ನುಡಿಸಿ ಅಸಲಿ ಸ್ಪೆಕ್ಟ್ರಮ್‌ಗೆ ಲೋಡ್ ಮಾಡಬಹುದು. ಆದರೆ ಮನೆಯ ಮಕ್ಕಳು ಬರೆದ ಪ್ರೋಗ್ರಾಮು, ಕ್ಲಬ್ಬಿನಲ್ಲಿ ಕೈಬದಲಾದ ಸಣ್ಣಪುಟ್ಟ ಆಟ ಇವುಗಳಿಗೆ ಇರುವುದು ಆ ಒಂದೇ ಕ್ಯಾಸೆಟ್. 90 ನಿಮಿಷದ ಕ್ಯಾಸೆಟ್ಟಾದರೆ ಅದರ ಟೇಪು ಇನ್ನೂ ತೆಳು, ಬೇಗ ಹಿಗ್ಗುತ್ತದೆ.

ನಿಮ್ಮ ಅಟ್ಟದ ಮೇಲೆ ಅಂಥದ್ದೇನಾದರೂ ಇದ್ದರೆ ಮತ್ತೆ ಮತ್ತೆ ಹಾಕಿ ಪರೀಕ್ಷಿಸಬೇಡಿ. ಬೆಲ್ಟ್ ಗಟ್ಟಿಯಿರುವ, ಹೆಡ್ ಒರೆಸಿದ ರೆಕಾರ್ಡರಿನಲ್ಲಿ ಒಮ್ಮೆ ನುಡಿಸಿ, ಅದೇ ಸಲಕ್ಕೆ ಲ್ಯಾಪ್‌ಟಾಪಿನಲ್ಲಿ ವೇವ್ ಕಡತವಾಗಿ ಇಳಿಸಿಕೊಳ್ಳಿ. ಎರರ್ ಸರಿಪಡಿಸುವ ಪ್ರಯತ್ನವೆಲ್ಲ ಆ ಪ್ರತಿಯ ಮೇಲೆ ನಡೆಯಲಿ.