ಪುಟ್ಟ ಧಾರಕದ ಆಯುಷ್ಯ

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯು ನವಿಲುಗಳ ಬೆಟ್ಟವೆಂದೂ ಕಾಲಭೈರವೇಶ್ವರನ ಕ್ಷೇತ್ರವೆಂದೂ ಪ್ರಸಿದ್ಧವಾದುದು. ಆ ಬೆಟ್ಟದ ಆಸುಪಾಸಿನ ಒಂದು ಶಾಲೆಯಲ್ಲಿ ಇದ್ದುದು ಒಂದೇ ಗಣಕಯಂತ್ರ. ಕೆಲವು ವರ್ಷಗಳ ಹಿಂದೆ ಅದು ಪಾಠದ ನಡುವೆ ತಾನಾಗಿಯೇ ನಿಂತುಹೋಗತೊಡಗಿತು. ಕಡೆಗೊಂದು ದಿನ ಗುಂಡಿ ಒತ್ತಿದರೂ ಏಳಲಿಲ್ಲ. “ಹಳೆಯದಾಯಿತು, ಗುಜರಿಗೆ ಹಾಕಿ” ಎಂದರು ಹಲವರು. ರೇಡಿಯೋ ರಿಪೇರಿ ಮಾಡುವ ತರುಣನೊಬ್ಬ ಮಾತ್ರ ಅದರ ಪೆಟ್ಟಿಗೆಯನ್ನು ಬಿಚ್ಚಿ, ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿ ನಿಂತಿದ್ದ ಐದು ಸಣ್ಣ ಉರುಳೆಗಳನ್ನು ತೋರಿಸಿದ. ಅವೇ ಕೆಪಾಸಿಟರುಗಳು, ಎಂದರೆ ವಿದ್ಯುದ್ಧಾರಕಗಳು. ಅವನ್ನು ಬದಲಿಸಿದೊಡನೆ ಯಂತ್ರಕ್ಕೆ ಜೀವ ಬಂದಿತು.

ಧಾರಕದ ಕೆಲಸವೇನು? ಪಾಂಡವಪುರದ ಬಳಿಯ ತೊಣ್ಣೂರು ಕೆರೆಯನ್ನು ನೆನೆಯಿರಿ. ಮಳೆ ಒಂದೇ ಸಮನೆ ಸುರಿಯುವುದಿಲ್ಲ. ಆದರೂ ಕೆರೆ ನೀರನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಗದ್ದೆಗೆ ಕೊಡುತ್ತದೆ. ಧಾರಕವೂ ಹಾಗೆಯೇ. ಗಣಕದ ಸಂಸ್ಕಾರಕವು ಬೇಡುವ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆ ಏರಿಳಿತವನ್ನು ಧಾರಕವು ತನ್ನ ಸಂಗ್ರಹದಿಂದ ಸರಿದೂಗಿಸುತ್ತದೆ.

ಸಾಮಾನ್ಯ ಧಾರಕದೊಳಗೆ ಎರಡು ಅಲ್ಯೂಮಿನಿಯಂ ಹಾಳೆಗಳು, ಅವುಗಳ ನಡುವೆ ವಿದ್ಯುದ್ವಾಹಕ ದ್ರವದಲ್ಲಿ ನೆನೆದ ಕಾಗದ, ಇವೆಲ್ಲ ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ತಳಕ್ಕೆ ರಬ್ಬರಿನ ಬಿರಡೆ. ಕಾಲಕ್ರಮದಲ್ಲಿ ಈ ದ್ರವವು ಬಿರಡೆಯ ಮೂಲಕ ಆವಿಯಾಗಿ ಸೋರುತ್ತದೆ. ದ್ರವ ಕಡಿಮೆಯಾದಂತೆಲ್ಲ ಒಳಗಿನ ರೋಧ ಹೆಚ್ಚುತ್ತದೆ. ರೋಧದಿಂದ ಶಾಖ, ಶಾಖದಿಂದ ಮತ್ತಷ್ಟು ಸೋರಿಕೆ. ಒಳಗೆ ಅನಿಲ ತುಂಬಿದರೆ ಸಿಡಿಯದೆ ಮೆಲ್ಲನೆ ಬಿರಿಯಲೆಂದೇ ಅದರ ನೆತ್ತಿಯ ಮೇಲೆ ಗೀರುಗಳನ್ನು ಕೊರೆದಿರುತ್ತಾರೆ.

ಆದುದರಿಂದ ಧಾರಕದ ದೊಡ್ಡ ಶತ್ರು ಶಾಖ. ಉಷ್ಣತೆ 10 ಡಿಗ್ರಿ ಇಳಿದರೆ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ತಂತ್ರಜ್ಞರ ಲೆಕ್ಕ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಬಾಳುವ ಧಾರಕವು 75 ಡಿಗ್ರಿಯಲ್ಲಿ 16,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ದಿನಕ್ಕೆ 8 ಗಂಟೆ ದುಡಿಸಿದರೆ ಮೊದಲನೆಯದು ಸುಮಾರು ಐದೂವರೆ ವರ್ಷ, ಎರಡನೆಯದು ಸುಮಾರು ಹನ್ನೊಂದು ವರ್ಷ. ಬೀಸಣಿಗೆಗೆ ಮೆತ್ತಿದ ಧೂಳನ್ನು ತೆಗೆಯುವುದರ ಬೆಲೆ ಇದರಿಂದ ತಿಳಿಯುತ್ತದೆ.

ಕೆಲವೊಮ್ಮೆ ದೋಷ ಹುಟ್ಟಿನಲ್ಲಿಯೇ ಇರುತ್ತದೆ. 2000ದ ಆಸುಪಾಸಿನ ವರ್ಷಗಳಲ್ಲಿ ತೈವಾನಿನಲ್ಲಿ ತಯಾರಾದ ಅನೇಕ ಧಾರಕಗಳ ದ್ರವದ ಮಿಶ್ರಣ ಸರಿಯಾಗಿರಲಿಲ್ಲ. ಅದರಲ್ಲಿದ್ದ ನೀರು ಅಲ್ಯೂಮಿನಿಯಂನೊಡನೆ ವರ್ತಿಸಿ ಜಲಜನಕವನ್ನು ಉಂಟುಮಾಡಿತು. ಧಾರಕಗಳು ಅಕಾಲದಲ್ಲಿ ಉಬ್ಬಿ ಒಡೆದವು. ಧಾರಕಗಳು ಕೆಟ್ಟ ತನ್ನ ಯಂತ್ರಗಳನ್ನು ಸರಿಪಡಿಸುವುದಕ್ಕಾಗಿ ಡೆಲ್ ಸಂಸ್ಥೆಯೊಂದೇ 2005ರಲ್ಲಿ 30 ಕೋಟಿ ಡಾಲರುಗಳನ್ನು ತೆಗೆದಿರಿಸಬೇಕಾಯಿತು. ಅನಂತರದ ಮದರ್‌ಬೋರ್ಡುಗಳಲ್ಲಿ ಘನ ಪಾಲಿಮರ್ ಧಾರಕಗಳು ಹೆಚ್ಚಾಗಿ ಬಳಕೆಗೆ ಬಂದವು. ಒಣಗಿಹೋಗಲು ಅವುಗಳಲ್ಲಿ ದ್ರವವೇ ಇಲ್ಲವಾದ್ದರಿಂದ ಅವು ದೀರ್ಘಾಯುಗಳು.

ಒಂದು ಎಚ್ಚರಿಕೆಯ ಮಾತು. ಧಾರಕವು ವಿದ್ಯುತ್ತನ್ನು ಹಿಡಿದಿಡುವ ವಸ್ತು. ತಂತಿಯನ್ನು ಕಿತ್ತ ಮೇಲೂ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು; ಬಲ್ಲವರಲ್ಲದೆ ಅನ್ಯರು ಅದನ್ನು ಬಿಚ್ಚಲಾಗದು.

ಆ ಶಾಲೆಯ ಯಂತ್ರವು ಮುಂದೆಯೂ ಹಲವು ವರ್ಷ ಮಕ್ಕಳಿಗೆ ಅಕ್ಷರ ಜೋಡಿಸುವುದನ್ನು ಕಲಿಸಿತು. ಕೆಟ್ಟಿದ್ದುದು ಕೆಲವೇ ರೂಪಾಯಿಗಳ ಬಿಡಿಭಾಗ. ಗುಜರಿಗೆ ಹೋಗಲಿದ್ದುದು ಇಡೀ ಯಂತ್ರ. ಎಸೆಯುವ ಮುನ್ನ ಒಮ್ಮೆ ತೆರೆದು ನೋಡಿದ ಆ ತರುಣನ ತಾಳ್ಮೆಯೇ ಅದನ್ನು ಉಳಿಸಿತು.